ಪಾಳು ಜಮೀನಿಗೆ ಬರೀ ಅಕೇಶಿಯಾನಾ, ಬೆರಕೆ ಕಾಡುಮರಗಳಾ?

ಮಲೆನಾಡಿನಲ್ಲಿ ಪಾಳು ಬಿದ್ದ ಜಮೀನಿದೆಯಾ? ಸಸಿ ತರುವ ಮೊದಲು ಅಲ್ಲಿ ಹಿಂದೆ ಏನಿತ್ತು ಅಂತ ವಿಚಾರಿಸಿ. ಗದ್ದೆಯಾಗಿದ್ದರೆ ಕೆಸರು ಹೂಡಿ ಹೂಡಿ ಅಡಿಮಣ್ಣು ಗಟ್ಟಿಯಾಗಿರುತ್ತದೆ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಹಳೇ ಮರಗಳ ಬೇರೂ ಉಳಿದಿರುವುದಿಲ್ಲ. ಅಲ್ಲಿ ನೆಡಲೇಬೇಕು, ಹೊಳೆಮತ್ತಿ, ಹೊಂಗೆಯಿಂದ ಶುರು ಮಾಡಿ. ಸೊಪ್ಪಿನ ಬೆಟ್ಟವಾಗಿದ್ದರೆ, ಅಂದರೆ ತೋಟಕ್ಕೆ ಸೊಪ್ಪು ಕಡಿಯುತ್ತಿದ್ದ ಕಾಡಾಗಿದ್ದರೆ, ಹಳೇ ಬುಡಗಳೇ ಚಿಗುರುತ್ತವೆ. ದನ, ಬೆಂಕಿ ತಡೆದರೆ ಅರ್ಧ ಕೆಲಸ ಆಯ್ತು.

ಅಕೇಶಿಯಾ ಬೇಗ ಬೆಳೆಯುತ್ತದೆ, ಸೌದೆ ಕೊಡುತ್ತದೆ, ನಿಜ. ಆದರೆ ಉದುರಿದ ಎಲೆ ಬೇಗ ಕೊಳೆಯುವುದಿಲ್ಲ. ಮತ್ತಿ, ನಂದಿ, ಹೊನ್ನೆ, ನೇರಳೆ ಬೆರೆಸಿ ನೆಟ್ಟರೆ ನಿಧಾನ, ಕಳೆ ತೆಗೆಯುವ ಕೆಲಸವೂ ಜಾಸ್ತಿ. ಆದರೂ ನನ್ನ ಮತ ಇದಕ್ಕೇ. ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಒಂದು ದೊಡ್ಡ ಪ್ರಯೋಗದಲ್ಲಿ, 8 ವರ್ಷದ ನಂತರ 16 ಜಾತಿ ಬೆರೆಸಿದ ತಾಕುಗಳಲ್ಲಿ ಒಂದೇ ಜಾತಿಯ ತಾಕುಗಳ ಸರಾಸರಿಗಿಂತ ಎರಡು ಪಟ್ಟಿಗೂ ಜಾಸ್ತಿ ಇಂಗಾಲ ಮರಗಳಲ್ಲಿ ಸೇರಿತ್ತು, ಅಂದರೆ ಮರಗಳು ಒಟ್ಟಾರೆ ಅಷ್ಟು ಜಾಸ್ತಿ ಬೆಳೆದಿದ್ದವು.