ಮರೆವಿನ ಕಾಯಿಲೆಯವರ ಆರೈಕೆ ಕೇಂದ್ರಕ್ಕೆ ಸೇರಿಸುವ ಮುನ್ನ ದಯವಿಟ್ಟು ಇದನ್ನು ಓದಿ

ಅಮ್ಮನ ಕಡತದ ಮೊದಲ ಪುಟದಲ್ಲೇ ನರರೋಗ ತಜ್ಞರು ಕೆಂಪು ಶಾಯಿಯಲ್ಲಿ ‘ಹ್ಯಾಲೊಪೆರಿಡಾಲ್ ಕೊಡಬಾರದು’ ಎಂದು ಬರೆದಿದ್ದರು. ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಹ್ಯಾಲೊಪೆರಿಡಾಲ್ ಎಂದರೆ ಭ್ರಮೆ, ಉದ್ರೇಕಗಳನ್ನು ತಗ್ಗಿಸಲು ಕೊಡುವ ಮನೋರೋಗದ ಔಷಧ. ಆ ಕಡತವನ್ನು ನಾನೂ ಅಣ್ಣನೂ ಕೈಯಾರೆ ಕೇಂದ್ರದ ವ್ಯವಸ್ಥಾಪಕಿಗೆ ಕೊಟ್ಟೆವು. ಸ್ವೀಕರಿಸಿದ್ದೇವೆ ಎಂದು ಮೊಹರು ಒತ್ತಿ ಪ್ರತಿಯನ್ನೂ ಕೊಟ್ಟರು. ಆಮೇಲೆ ಅದೇ ಔಷಧವನ್ನು ಅಮ್ಮನಿಗೆ ದಿನವೂ ನುಂಗಿಸಿದರು. ನಮ್ಮನ್ನು ಕೇಳಲಿಲ್ಲ, ನಮಗೆ ಹೇಳಲಿಲ್ಲ. ನಡೆದಾಡುತ್ತಾ ಹೋದ ಅಮ್ಮನನ್ನು ನಾವು ಸ್ಟ್ರೆಚರ್ ಮೇಲೆ ಹೊರಗೆ ತಂದೆವು.

ಅಮ್ಮನಿಗೆ ಇರುವುದು ಲೂಯಿ ಬಾಡಿ ಡಿಮೆನ್ಷಿಯಾ ಎಂಬ ಬಗೆಯ ಮರೆವಿನ ಕಾಯಿಲೆ. ಅಲ್ಝೈಮರ್ ಅಲ್ಲ. ಈ ವ್ಯತ್ಯಾಸ ತಿಳಿಯದವರ ಕೈಗೆ ಅಮ್ಮ ಸಿಕ್ಕಿದ್ದರಿಂದಲೇ ಇಷ್ಟೆಲ್ಲ ಆಯಿತು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಅಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಕೈಕೊಡುವುದು ನೆನಪು. ಲೂಯಿ ಬಾಡಿಯಲ್ಲಿ ನೆನಪು ಒಂದಷ್ಟು ಕಾಲ ಉಳಿದಿರಬಹುದು, ಆದರೆ ಎಚ್ಚರವೇ ಏರಿಳಿಯುತ್ತದೆ. ಬೆಳಿಗ್ಗೆ ಸ್ಪಷ್ಟವಾಗಿ ಮಾತನಾಡಿದವರು ಮಧ್ಯಾಹ್ನ ಮಂಕಾಗಿ ಕುಳಿತುಬಿಡುತ್ತಾರೆ. ನಡಿಗೆ ಪಾರ್ಕಿನ್‌ಸನ್ ಕಾಯಿಲೆಯವರ ಹಾಗೆ ಬಿಗಿಯಾಗುತ್ತದೆ. ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಕೈಕಾಲು ಬಡಿಯುತ್ತಾರೆ. ಇಲ್ಲದ ಮನುಷ್ಯರು, ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ. ನಮ್ಮ ಅಮ್ಮನಿಗೆ ಮಕ್ಕಳು ಕಾಣುತ್ತಿದ್ದರು. ಕೋಣೆಯ ಮೂಲೆಯಲ್ಲಿ ಇಬ್ಬರು ಮಕ್ಕಳು ಸುಮ್ಮನೆ ಕುಳಿತಿರುತ್ತಿದ್ದರು. ಅಮ್ಮನಿಗೆ ಅವರಿಂದ ಭಯವಿರಲಿಲ್ಲ. ನಾನು ಆ ಕಡೆ ಕುರ್ಚಿ ಎಳೆದರೆ "ಮೆಲ್ಲಗೆ, ಅವರಿಗೆ ಸ್ವಲ್ಪ ಜಾಗ ಬಿಡು" ಎನ್ನುತ್ತಿದ್ದರು, ಅಷ್ಟೇ. ಭಯವಿಲ್ಲದಿದ್ದರೆ ಅದಕ್ಕೆ ಔಷಧವೇ ಬೇಡ ಎಂದು ತಜ್ಞರು ಹೇಳಿದ್ದರು. ಮೈಯ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಮೊದಲೇ ಕಡಿಮೆಯಾಗಿರುವ ಈ ಕಾಯಿಲೆಯಲ್ಲಿ, ಡೋಪಮಿನ್ ಅನ್ನೇ ತಡೆಯುವ ಹ್ಯಾಲೊಪೆರಿಡಾಲ್ ಕೊಟ್ಟರೆ ಮೈ ಮರಗಟ್ಟಬಹುದು, ನುಂಗುವುದು ಕಷ್ಟವಾಗಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಕೆಂಪು ಶಾಯಿ ಅದಕ್ಕೇ.

ಇದನ್ನೆಲ್ಲ ಸೇರಿಸುವ ಮೊದಲೇ ವ್ಯವಸ್ಥಾಪಕಿಗೆ ಹೇಳಿದ್ದೇನೆ. "ಲೂಯಿ ಬಾಡಿ ಇರುವವರನ್ನು ನೋಡಿಕೊಂಡ ಅನುಭವ ನಿಮಗಿದೆಯೇ?" ಎಂದು ನೇರವಾಗಿಯೇ ಕೇಳಿದೆ. "ಬೇಕಾದಷ್ಟು ಜನರನ್ನು ನೋಡಿದ್ದೇವೆ, ನೀವು ನಿಶ್ಚಿಂತೆಯಿಂದ ಮನೆಗೆ ಹೋಗಿ" ಎಂದರು. ಇಂಥ ಕೇಂದ್ರಗಳನ್ನು ನೋಡಿಬಂದವರಿಗೆ ಅಲ್ಲಿ ಏನೇನು ತೋರಿಸುತ್ತಾರೆ ಎಂಬುದು ಗೊತ್ತೇ ಇರುತ್ತದೆ. ಸಂಖ್ಯೆ ಒತ್ತಿದರೆ ಮಾತ್ರ ತೆರೆಯುವ ಬಾಗಿಲು, ಸುತ್ತಿ ಬಂದು ಹೊರಟಲ್ಲಿಗೇ ಸೇರುವ ತೋಟದ ದಾರಿ, ಗೋಡೆಯ ಮೇಲೆ ಇಡೀ ವಾರದ ಚಟುವಟಿಕೆಗಳ ಪಟ್ಟಿ. ಎಲ್ಲವನ್ನೂ ತೋರಿಸಿದರು. ಹಾಡಿಸುವವರು ಇದ್ದರು, ಬಣ್ಣ ಹಚ್ಚಿಸುವವರು ಇದ್ದರು, ಸಮವಸ್ತ್ರದ ನರ್ಸ್ ಇದ್ದರು. ನಮ್ಮನ್ನು ಕರೆದದ್ದು ಬೆಳಗಿನ ಹನ್ನೊಂದು ಗಂಟೆಗೆ. ಆ ಹೊತ್ತಿಗೆ ಎಲ್ಲ ಕೇಂದ್ರಗಳೂ ಚೆನ್ನಾಗಿಯೇ ಇರುತ್ತವೆ.

ಸೇರಿಸಿದ ಮೇಲೆ, ಮೊದಲ ಕೆಲವು ವಾರ ಬರಬೇಡಿ, ಅವರು ಜಾಗಕ್ಕೆ ಹೊಂದಿಕೊಳ್ಳಲಿ ಎಂದರು. ಅದರ ಬದಲು ವಾರವಾರವೂ ಮೊಬೈಲ್‌ಗೆ ಫೋಟೋ ಕಳಿಸಿದರು. ಅಮ್ಮ ಬಣ್ಣ ಹಚ್ಚುತ್ತಿರುವುದು, ಅಮ್ಮ ತೋಟದಲ್ಲಿ ನಿಂತಿರುವುದು, ಅಮ್ಮನ ಕೈಯಲ್ಲಿ ಚೆಂಡು. ಆ ಫೋಟೋಗಳನ್ನು ನಾವು ಬಂಧುಗಳಿಗೆಲ್ಲ ಕಳಿಸಿದೆವು. ಎಂಥ ಒಳ್ಳೆಯ ಜಾಗ ಸಿಕ್ಕಿದೆ ನೋಡಿ ಎಂದು ಹೊಗಳಿದೆವು. ಈಗ ಅದೇ ಬಂಧುಗಳಿಗೆ ಮುಖ ತೋರಿಸುವುದು ಕಷ್ಟವಾಗಿದೆ. ಅಮ್ಮನೊಂದಿಗೆ ಮಾತನಾಡಬೇಕು ಎಂದು ಫೋನ್ ಮಾಡಿದಾಗಲೆಲ್ಲ ಒಂದೊಂದು ಕಾರಣ. ಈಗ ಸ್ನಾನಕ್ಕೆ ಹೋಗಿದ್ದಾರೆ, ಈಗ ತಾನೇ ಮಲಗಿದರು, ಈಗ ಹಾಡಿನ ತರಗತಿಯಲ್ಲಿದ್ದಾರೆ.

ಕೊನೆಗೆ ಹೇಳದೆ ಕೇಳದೆ ಒಂದು ಸಂಜೆ ಹೋದೆವು. ಬಾಗಿಲಲ್ಲೇ ತಡೆದು ನಿಲ್ಲಿಸಿದರು. ಅಣ್ಣ ದನಿ ಎತ್ತರಿಸಿದ ಮೇಲೆ ಒಳಗೆ ಬಿಟ್ಟರು. ಅಮ್ಮ ಒಂದು ಬದಿಗೆ ವಾಲಿಕೊಂಡು ಕುಳಿತಿದ್ದರು. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಕೈ ಹಿಡಿದರೆ ಕಟ್ಟಿಗೆಯ ಹಾಗೆ ಬಿಗಿದಿತ್ತು. ನನ್ನ ಹೆಸರು ಹೇಳಲು ತುಟಿ ಅಲುಗಿತು, ಮಾತು ಹೊರಡಲಿಲ್ಲ. ಇಡೀ ಸಭಾಂಗಣಕ್ಕೆ ಇದ್ದದ್ದು ಒಬ್ಬಳೇ ಸಹಾಯಕಿ. ನರ್ಸ್ ಎಲ್ಲಿ ಎಂದರೆ, ಸಂಜೆಯ ಮೇಲೆ ನರ್ಸ್ ಇರುವುದಿಲ್ಲ, ತಾನೇ ಮಾತ್ರೆ ಕೊಡುವುದು ಎಂದಳು ಆ ಹುಡುಗಿ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಔಷಧದ ದಾಖಲೆ ಪುಸ್ತಕವನ್ನು ತೆಗೆದು ತೋರಿಸಿದವಳು ಅವಳೊಬ್ಬಳೇ. ಹ್ಯಾಲೊಪೆರಿಡಾಲ್, ಬೆಳಿಗ್ಗೆ ಮತ್ತು ರಾತ್ರಿ. ಪ್ರತಿದಿನವೂ. ನಾನು ಆ ಸಾಲನ್ನು ಮತ್ತೆ ಮತ್ತೆ ಓದಿದೆ, ಬೇರೆ ಯಾರದೋ ಪುಟ ಇರಬೇಕು ಎಂದು ಮೇಲಿನ ಹೆಸರು ನೋಡಿದೆ. ಅಮ್ಮನ ಹೆಸರೇ.

ವ್ಯವಸ್ಥಾಪಕಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಅವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. ಮೊದಲು, "ರೋಗ ಮುಂದುವರಿಯುತ್ತಿದೆ, ಮಕ್ಕಳಾಗಿ ನೀವು ಅದನ್ನು ಒಪ್ಪಿಕೊಳ್ಳಬೇಕು." ಔಷಧದ ಹೆಸರು ಹೇಳಿದ ಮೇಲೆ, "ಅದು ಶಾಂತವಾಗಿರಲು ಕೊಡುವ ಸಣ್ಣ ಮಾತ್ರೆ. ಇಲ್ಲಿ ಬಹಳ ಜನರಿಗೆ ಕೊಡುತ್ತೇವೆ, ಯಾರೂ ದೂರಿಲ್ಲ." ಕೆಂಪು ಶಾಯಿಯ ಪುಟದ ಬಗ್ಗೆ ಕೇಳಿದರೆ, "ಕಡತ ಕಚೇರಿಯಲ್ಲಿರುತ್ತದೆ, ಔಷಧ ಕೊಡುವವರ ಬಳಿ ಇರುವುದಿಲ್ಲ." ಬರೆದುಕೊಟ್ಟ ವೈದ್ಯರು ಯಾರು? "ನಮ್ಮ ವೈದ್ಯರು ಫೋನಿನಲ್ಲಿ ಹೇಳಿದ್ದಾರೆ." ಅವರು ಅಮ್ಮನನ್ನು ಒಮ್ಮೆಯಾದರೂ ನೋಡಿದ್ದಾರೆಯೇ? "ಅದು ನಮ್ಮ ಆಂತರಿಕ ವಿಷಯ." ಏಕೆ ಕೊಟ್ಟಿರಿ? "ರಾತ್ರಿ ಮಕ್ಕಳು ಬಂದಿದ್ದಾರೆ ಎಂದು ಗಲಾಟೆ ಮಾಡುತ್ತಿದ್ದರು. ಬೇರೆಯವರಿಗೂ ನಿದ್ದೆ ಬೇಕಲ್ಲ."

ಆ ಗಲಾಟೆಯ ಕಾರಣ ಆಸ್ಪತ್ರೆಯಲ್ಲಿ ಗೊತ್ತಾಯಿತು. ಅಮ್ಮನಿಗೆ ಮೂತ್ರದ ಸೋಂಕು ಇತ್ತು. ಡಿಮೆನ್ಷಿಯಾ ಇರುವವರಲ್ಲಿ ಗಲಿಬಿಲಿ ಇದ್ದಕ್ಕಿದ್ದಂತೆ ಹೆಚ್ಚಾದರೆ ಸೋಂಕು, ಮಲಬದ್ಧತೆ, ನೋವು, ನೀರಿನ ಕೊರತೆ ಇವೆಯೇ ಎಂದು ಮೊದಲು ನೋಡಬೇಕು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಹಣ ಪಡೆಯುವವರಿಗೆ ಇದು ಗೊತ್ತಿರಲೇಬೇಕಾದ ವಿಷಯ. ಒಂದು ಮೂತ್ರ ಪರೀಕ್ಷೆ ಸಾಕಿತ್ತು. ಒಂದು ಪರೀಕ್ಷೆ! ಅದನ್ನು ಮಾಡಿಸದೆ ಅಮ್ಮನ ಬಾಯಿ ಮುಚ್ಚಿಸಿದರು.

ಅಲ್ಲಿಗೂ ಮುಗಿಯಲಿಲ್ಲ. ಎಂದಿನಿಂದ ಹೀಗಿದ್ದಾರೆ ಎಂದು ಆಸ್ಪತ್ರೆಯ ವೈದ್ಯರು ಕೇಳಿದಾಗ, ಕೇಂದ್ರದವರು ಕಳಿಸಿದ್ದ ಫೋಟೋಗಳನ್ನು ಅವರಿಗೆ ತೋರಿಸಲು ಹೊರಟೆ. ಎಲ್ಲದರಲ್ಲೂ ಅದೇ ಹಸಿರು ಸ್ವೆಟರ್. ಇರಲಿ, ಅಮ್ಮನಿಗೆ ಅದು ಇಷ್ಟ ಎಂದುಕೊಂಡೆ. ಆಮೇಲೆ ಎಡಗೈ ಕಂಡಿತು. ಸೇರಿಸಿದ ದಿನ ರಕ್ತ ತೆಗೆದ ಜಾಗಕ್ಕೆ ಅಂಟಿಸಿದ್ದ ಪುಟ್ಟ ಬಿಳಿ ಪಟ್ಟಿ. ಬಣ್ಣ ಹಚ್ಚುವಾಗಲೂ ಅದೇ ಪಟ್ಟಿ, ತೋಟದಲ್ಲೂ ಅದೇ ಪಟ್ಟಿ, ಚೆಂಡು ಹಿಡಿದಾಗಲೂ ಅದೇ ಪಟ್ಟಿ. ಅಷ್ಟೂ ಫೋಟೋಗಳನ್ನು ಮೊದಲ ದಿನವೇ ತೆಗೆದಿಟ್ಟುಕೊಂಡು, ವಾರಕ್ಕೊಂದರಂತೆ ನಮಗೆ ಹಂಚಿದ್ದರು. ವೈದ್ಯರ ಮುಂದೆ ಮೊಬೈಲ್ ಹಿಡಿದುಕೊಂಡು ನಿಂತುಬಿಟ್ಟೆ. ಅಮ್ಮ ಕುರ್ಚಿಯಲ್ಲಿ ಮರಗಟ್ಟಿ ಕುಳಿತಿದ್ದ ವಾರಗಳಲ್ಲಿ ನಾವು ಆ ಫೋಟೋ ನೋಡಿ ಸಂತೋಷಪಟ್ಟಿದ್ದೆವು. ಇಷ್ಟು ಯೋಚಿಸಿ ಮೋಸ ಮಾಡುವ ಜನ ಒಂದು ಕೆಂಪು ಸಾಲು ಓದಲು ಪುರುಸೊತ್ತಿಲ್ಲದವರಾಗಿದ್ದರೇ? ಇದನ್ನು ಕೇಳಿದ್ದಕ್ಕೆ ಬಂದ ಉತ್ತರ: "ಫೋಟೋ ಕಳಿಸುವುದು ನಾವು ಉಚಿತವಾಗಿ ಕೊಡುವ ಸೌಲಭ್ಯ. ಅದಕ್ಕೆ ಕರಾರಿನಲ್ಲಿ ಯಾವ ಭರವಸೆಯೂ ಇಲ್ಲ."

ಹೌದು, ಎಲ್ಲದಕ್ಕೂ ಕರಾರು. ‘ಅಗತ್ಯ ಬಿದ್ದಾಗ ಔಷಧೋಪಚಾರ’ ಎಂಬ ಒಂದು ಸಾಲನ್ನು ತೋರಿಸಿ ನೀವೇ ಒಪ್ಪಿಗೆ ಕೊಟ್ಟಿದ್ದೀರಿ ಎಂದರು. ಮುಂಚಿತವಾಗಿ ಸೂಚನೆ ಕೊಡದೆ ಅಮ್ಮನನ್ನು ಕರೆದೊಯ್ದಿರಿ ಎಂದು ಠೇವಣಿಯನ್ನೂ ತಡೆಹಿಡಿದಿದ್ದಾರೆ. ಆಸ್ಪತ್ರೆಗೆ ಒಯ್ಯಲೂ ಮುಂಚಿತ ಸೂಚನೆ ಕೊಡಬೇಕಿತ್ತಂತೆ.

ಇದು ಲೂಯಿ ಬಾಡಿ ಇರುವವರಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಳ್ಳಬೇಡಿ. ಡಿಮೆನ್ಷಿಯಾ ಇರುವ ವೃದ್ಧರಿಗೆ ಈ ಬಗೆಯ ಔಷಧ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2005ರಲ್ಲಿ ಹೊಸ ಔಷಧಗಳ ಬಗ್ಗೆ, 2008ರಲ್ಲಿ ಹ್ಯಾಲೊಪೆರಿಡಾಲ್‌ನಂಥ ಹಳೆಯವುಗಳ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಬೇರೆ ದಾರಿಯೇ ಇಲ್ಲದಾಗ, ಅಪಾಯವನ್ನು ಮನೆಯವರಿಗೆ ತಿಳಿಸಿ, ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ ಮಾತ್ರ ಕೊಡುವ ಔಷಧ ಇದು. ಎಲ್ಲರನ್ನೂ ಮಲಗಿಸಿ ಒಬ್ಬ ಸಹಾಯಕಿಯಲ್ಲೇ ರಾತ್ರಿ ಕಳೆಯಲು ಅಲ್ಲ.

ಆದ್ದರಿಂದ ಹನ್ನೊಂದು ಗಂಟೆಗೆ ಬನ್ನಿ ಎಂದರೆ ಸಂಜೆ ಏಳಕ್ಕೆ ಹೋಗಿ. ಈ ಕಾಯಿಲೆಯವರಲ್ಲಿ ಅನೇಕರಿಗೆ ತಳಮಳ ಹೆಚ್ಚುವುದು ಸಂಜೆಯ ಹೊತ್ತಿಗೆ, ಅಲ್ಲಿನವರ ಯೋಗ್ಯತೆ ತಿಳಿಯುವುದೂ ಆಗಲೇ. ಕುರ್ಚಿಗಳಲ್ಲಿ ಎಷ್ಟು ಜನ ತೂಗಡಿಸುತ್ತಿದ್ದಾರೆ ನೋಡಿ. ರಾತ್ರಿ ಔಷಧ ಕೊಡುವವರು ಯಾರು ಎಂದು ಕೇಳಿ, ಅವರನ್ನೇ ಕರೆಸಿ ಮಾತನಾಡಿ. ನಮಗೆ ತಿಳಿಸದೆ ಮನಸ್ಸನ್ನು ಮಂಕಾಗಿಸುವ ಯಾವ ಔಷಧವನ್ನೂ ಹೊಸದಾಗಿ ಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ಔಷಧದ ದಾಖಲೆಯನ್ನು ವಾರವಾರ ಕೇಳಿ. ಫೋಟೋ ಬೇಡ, ಆ ಪುಟ ಕಳಿಸಿ ಎನ್ನಿ. ಮೊದಲ ವಾರಗಳಲ್ಲಿ ಬರಬೇಡಿ ಎಂದು ಹೇಳುವ ಜಾಗದಲ್ಲಿ ಒಂದು ರಾತ್ರಿಯೂ ಬಿಡಬೇಡಿ.

ಅಮ್ಮ ಈಗ ಮನೆಯಲ್ಲಿದ್ದಾರೆ. ಮಾತು ಸ್ವಲ್ಪ ಮರಳಿದೆ, ನಡಿಗೆ ಇನ್ನೂ ಬಂದಿಲ್ಲ. ಲಿಖಿತ ದೂರು ಕೊಟ್ಟಿದ್ದೇವೆ. ಔಷಧದ ದಾಖಲೆಯ ಪೂರ್ಣ ಪ್ರತಿ ಕೇಳಿದ್ದೇವೆ, ಅದು ಸಿಗುತ್ತಿಲ್ಲ ಎನ್ನುತ್ತಿದ್ದಾರೆ. ಆ ಸಂಜೆ ಅಣ್ಣ ಆ ಪುಟಗಳನ್ನೆಲ್ಲ ತನ್ನ ಮೊಬೈಲ್‌ನಲ್ಲಿ ತೆಗೆದುಕೊಂಡಿದ್ದಾನೆ, ಅದು ಅವರಿಗೆ ಇನ್ನೂ ಗೊತ್ತಿಲ್ಲ.