ತುಂಗಾರ್ಲಿ ಗುಡ್ಡದ ಮನೆ, ಲೋಣಾವಳಾ: ಆರು ಮಳೆಗಾಲ ಬಳಸಿದ ಮೇಲೆ

ಅಂಕ ಮೊದಲೇ ಹೇಳಿಬಿಡೋಣ: ಐದಕ್ಕೆ ಮೂರೂವರೆ. ಅಕ್ಟೋಬರಿನಿಂದ ಮೇ ತನಕದ ಬಳಕೆಗೆ ನಾಲ್ಕೂವರೆ, ಜೂನ್‌ನಿಂದ ಸೆಪ್ಟೆಂಬರಿಗೆ ಎರಡು. ಮಳೆಗಾಲಕ್ಕೆ ತೂಕ ತುಸು ಜಾಸ್ತಿಯೇ ಕೊಟ್ಟಿದೆ. ಉಳಿದ ಎಂಟು ತಿಂಗಳಲ್ಲಿ ಮನೆಗೆ ಏನು ಮಾಡಿಸಬೇಕು, ಎಷ್ಟು ಖರ್ಚಾಗುತ್ತದೆ ಎಂಬುದನ್ನೂ ಆ ನಾಲ್ಕು ತಿಂಗಳೇ ತೀರ್ಮಾನಿಸುತ್ತವೆ.

ಪುಣೆಯ ಕನ್ನಡಿಗರಲ್ಲಿ ಗುಡ್ಡದ ಮನೆಯ ಮಾತೆದ್ದರೆ ಲೋಣಾವಳಾ ಹೆಸರು ಬರುವುದಕ್ಕೆ ಕಾರಣವಿದೆ. ಪುಣೆ ಸ್ಟೇಷನ್ನಿನಿಂದ ಲೋಕಲ್‌ನಲ್ಲಿ 64 ಕಿ.ಮೀ., ಹೆಚ್ಚುಕಡಿಮೆ ಒಂದು ತಾಸು ಇಪ್ಪತ್ತು ನಿಮಿಷ. ಸ್ಟೇಷನ್ನಿನ ಉತ್ತರಕ್ಕೆ ಏರು ಹತ್ತಿದರೆ ತುಂಗಾರ್ಲಿ. ಕೆರೆ ದಾಟಿದ ಮೇಲೆ ರಾಜಮಾಚಿಯ ದಾರಿ, ಕೋಟೆಯ ಬುಡದ ಉಧೇವಾಡಿ ತನಕ ಸುಮಾರು 15 ಕಿ.ಮೀ. ಕಾಡು. ಕೆಳಗಿಳಿದರೆ ಭಾಜಿ ಮಾರ್ಕೆಟ್, ಬ್ಯಾಂಕು, ಹಾರ್ಡ್‌ವೇರ್ ಅಂಗಡಿ. ಒಂದು ಕಡೆ ಕಾಡು, ಇನ್ನೊಂದು ಕಡೆ ಸಣ್ಣ ಪೇಟೆ. ಜಾಹೀರಾತಿನಲ್ಲಿ ಹೇಳುವ ಈ ಭಾಗ ಸುಳ್ಳಲ್ಲ.

ಅವರು ಹೇಳದೇ ಬಿಡುವುದು ಮಳೆಯ ಲೆಕ್ಕ. ಪುಣೆಯಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಬಿದ್ದರೆ ಇಲ್ಲಿ 4000 ದಾಟುತ್ತದೆ. ಕೊಂಕಣದ ಬುಡದಲ್ಲಿರುವ ಖೋಪೋಲಿಯಿಂದ ಘಟ್ಟ ಗೋಡೆಯಂತೆ ಐನೂರು ಮೀಟರಿಗೂ ಹೆಚ್ಚು ಎದ್ದು ನಿಂತಿದೆ, ಅರಬ್ಬಿ ಸಮುದ್ರದ ಮೋಡ ಆ ಅಂಚಿಗೆ ಬಂದು ಮೊದಲ ಹೊರೆ ಇಳಿಸುವುದು ಖಂಡಾಳಾ-ಲೋಣಾವಳಾದ ಮೇಲೆ. ಟಾಟಾದವರು ಇಲ್ಲಿ ಕೆರೆ ಕಟ್ಟಿ, 1915ರಲ್ಲಿ ಕೆಳಗಿನ ಖೋಪೋಲಿಯಲ್ಲಿ ವಿದ್ಯುತ್ ತೆಗೆಯತೊಡಗಿದ್ದೂ ಇದೇ ನೀರು, ಇದೇ ಇಳಿಜಾರು ನಂಬಿಕೊಂಡು. ಮಡಿಕೇರಿ, ತೀರ್ಥಹಳ್ಳಿ ಕಡೆಯವರಿಗೆ ಇಷ್ಟು ಮಳೆ ಹೊಸದಲ್ಲ. ಆದರೆ ಅಲ್ಲಿ ಮನೆ ಕಟ್ಟಿದ್ದು ಮಳೆಗೆ. ಇಲ್ಲಿನ ಬಂಗಲೆಗಳಲ್ಲಿ ಮುಕ್ಕಾಲು ಪಾಲು ಕಟ್ಟಿದ್ದು ಬ್ರೋಷರಿಗೆ.

ಬ್ರೋಷರಿನ ಮನೆಯಲ್ಲಿ ಪಶ್ಚಿಮಕ್ಕೆ ದೊಡ್ಡ ಗಾಜು, ಎದುರಿಗೆ ಕಣಿವೆ. ಕಣಿವೆ ಕಾಣುವ ದಿಕ್ಕು, ಮಳೆ ಹೊಡೆಯುವ ದಿಕ್ಕು ಎರಡೂ ಒಂದೇ. ಕೆಳಗೆ ಬರುವ ತೊಂದರೆಗಳಲ್ಲಿ ಅರ್ಧಕ್ಕೂ ಹೆಚ್ಚು ಹುಟ್ಟುವುದು ಆ ಪಶ್ಚಿಮ ಗೋಡೆಯಲ್ಲಿ.

ಮೊದಲು ಮೇಲಿನಿಂದ. ಬರೀ ಸ್ಲ್ಯಾಬಿನ ಮನೆ ಇಲ್ಲಿ ಬಾಳುವುದಿಲ್ಲ. ಬ್ರಿಕ್‌ಬ್ಯಾಟ್ ಕೋಬಾ (ಇಟ್ಟಿಗೆ ಚೂರು, ಸಿಮೆಂಟಿನ ಪದರ) ಹಾಕಿ ಮೇಲೆ ಚೈನಾ ಮೊಸಾಯಿಕ್ (ಒಡೆದ ಟೈಲಿನ ಹಾಸು) ಮಾಡಿಸಿದರೂ ಐದಾರು ವರ್ಷಕ್ಕೆ ಪ್ಯಾರಪೆಟ್ ಮತ್ತು ಸ್ಲ್ಯಾಬ್ ಕೂಡುವ ಮೂಲೆಯಲ್ಲಿ, ಗೌಂಡಿಗಳು ವಾಟಾ ಎನ್ನುವ ಆ ದುಂಡು ಅಂಚಿನಲ್ಲಿ, ಕೂದಲೆಳೆಯ ಬಿರುಕು ಬರುತ್ತದೆ. ಬೇಸಿಗೆಯ ಬಿಸಿಲಿಗೆ ಸ್ಲ್ಯಾಬ್ ಹಿಗ್ಗುವಷ್ಟು ಪ್ಯಾರಪೆಟ್ ಹಿಗ್ಗುವುದಿಲ್ಲ, ಅದೇ ಕಾರಣ. ಬಾಳುವ ಉಪಾಯ ಒಂದೇ: ಸ್ಲ್ಯಾಬಿನ ಮೇಲೆ ಪತ್ರಾದ, ಅಂದರೆ ತಗಡಿನ, ಇನ್ನೊಂದು ಮಾಡು. ಬಣ್ಣದ ಲೇಪದ ಪತ್ರಾ 0.5 ಮಿ.ಮೀ. ದಪ್ಪಕ್ಕಿಂತ ಕಡಿಮೆ ಬೇಡ, ಇಳಿಜಾರು ಹದಿನೈದು ಡಿಗ್ರಿಗೆ ಕಮ್ಮಿ ಬೇಡ, ಪಶ್ಚಿಮಕ್ಕೆ ಮೂರು ಅಡಿ ಹೊರಚಾಚು ಇರಲಿ. ಸ್ಕ್ರೂ ಹೊಡೆಯುವುದು ಪತ್ರಾದ ಉಬ್ಬಿನ ಮೇಲೆ, ತಗ್ಗಿನಲ್ಲಲ್ಲ. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವುದೇ ಸ್ಕ್ರೂವಿನ ಮೇಲಿಂದ. ಕೆಳಗಿನ ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಐದಾರು ವರ್ಷಕ್ಕೆ ಸೀಳುತ್ತದೆ. ಪತ್ರಾ ಚೆನ್ನಾಗಿಯೇ ಇದ್ದು ಹನಿ ಬೀಳತೊಡಗಿದರೆ ಮೊದಲು ನೋಡಬೇಕಾದದ್ದು ಅದನ್ನೇ. ಪತ್ರಾ ಮತ್ತು ಸ್ಲ್ಯಾಬಿನ ನಡುವಿನ ಜಾಗ ಗಾಳಿಗೆ ತೆರೆದಿರಲಿ, ಮಂಗಗಳಿಗೆ ತೆರೆದಿರುವುದು ಬೇಡ; ತಂತಿ ಜಾಳಿ ಹೊಡೆಸಿ. ಜುಲೈ ರಾತ್ರಿ ಪತ್ರಾದ ಮೇಲೆ ಮಳೆಯ ಸದ್ದಿಗೆ ಫೋನಿನ ಮಾತೂ ಕೇಳಿಸುವುದಿಲ್ಲ, ಅದಕ್ಕೆ ಮದ್ದಿಲ್ಲ.

ಇನ್ನು ಕಿಟಕಿ. ಅಲ್ಯುಮಿನಿಯಂ ಸ್ಲೈಡಿಂಗ್ ಕಿಟಕಿಯ ಕೆಳಗಿನ ಹಳಿಯಲ್ಲಿ ಹೊರಮುಖಕ್ಕೆ ಐದಾರು ಮಿ.ಮೀ.ನ ಸಣ್ಣ ತೂತುಗಳಿರುತ್ತವೆ. ಹಳಿಯೊಳಗೆ ಬಿದ್ದ ನೀರು ಹೊರಗೆ ಹೋಗುವುದು ಅವುಗಳಿಂದ. ಧೂಳು, ಸತ್ತ ರೆಕ್ಕೆ ಗೆದ್ದಲು ತುಂಬಿ ಅವು ಮುಚ್ಚಿಕೊಂಡರೆ ಹಳಿ ತೊಟ್ಟಿಯಾಗುತ್ತದೆ, ಗಾಳಿ ಜೋರಾದಾಗ ನೀರು ಒಳಗಿನ ಅಂಚು ದಾಟಿ ಗೋಡೆಯ ಮೇಲೆ ಇಳಿಯುತ್ತದೆ. ನೋಡಿದವರಿಗೆ ಗೋಡೆ ಸೋರಿದಂತೆ ಕಾಣುತ್ತದೆ, ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ಮೇ ತಿಂಗಳಲ್ಲಿ ತೆಳು ತಂತಿಯಿಂದ ಪ್ರತಿ ತೂತೂ ಬಿಡಿಸಿ, ಒಂದು ಲೋಟ ನೀರು ಹಳಿಗೆ ಹೊಯ್ದು ಹೊರಗೆ ಬರುತ್ತದೋ ನೋಡಿದರೆ ಮುಗಿಯಿತು. ಸಿಲಿಕಾನ್ ಹೊಡೆಯಲು ಬರುವವರ ಮೇಲೆ ಮಾತ್ರ ಕಣ್ಣಿರಲಿ. ಚೌಕಟ್ಟು ಮತ್ತು ಗೋಡೆಯ ಸಂದಿಗೆ ಹೊಡೆಯಬೇಕಾದ್ದನ್ನು ಉತ್ಸಾಹದಲ್ಲಿ ಆ ತೂತುಗಳಿಗೂ ಬಳಿದುಬಿಡುತ್ತಾರೆ. ಈ ಭಾಗದಲ್ಲಿ ಕಟ್ಟಡದ ಕೆಲಸಕ್ಕೆ ವಿಜಯಪುರ, ಕಲಬುರಗಿ ಕಡೆಯವರು ಬಹಳ. ಹಾಗಾಗಿ ಕನ್ನಡದಲ್ಲೇ ಹೇಳಿ ಮಾಡಿಸಬಹುದು, ಅದು ದೊಡ್ಡ ಅನುಕೂಲ. ಆದರೆ ‘ಸಾಹೇಬ್ರ, ಎಲ್ಲಾ ಬಂದ್ ಮಾಡೇನ್ರಿ’ ಎಂಬ ಮಾತು ಕಿವಿಗೆ ಬಿತ್ತೆಂದರೆ ಏಣಿ ಹಾಕಿ ತಾವೇ ನೋಡಬೇಕು.

ಛಜ್ಜಾದ (ಕಿಟಕಿಯ ಮೇಲಿನ ಸಿಮೆಂಟ್ ಚಾಚು) ಕೆಳಮೈಯಲ್ಲಿ ಹೊರ ಅಂಚಿನಿಂದ ಒಂದೆರಡು ಇಂಚು ಒಳಗೆ ಅರ್ಧ ಇಂಚಿನ ಗೀರು ಇಲ್ಲದಿದ್ದರೆ ನೀರು ಅಂಟಿಕೊಂಡೇ ಹಿಂದಕ್ಕೆ ಹರಿದು ಕಿಟಕಿಯ ತಲೆಗೆ ಸೇರುತ್ತದೆ. ಹಳೆಯ ಮನೆಗೂ ಗ್ರೈಂಡರಿನಿಂದ ಕೊಯ್ಸಬಹುದು, ಅರ್ಧ ದಿನದ ಕೆಲಸ. ಬಣ್ಣ ಮಾತ್ರ ಮೇ ತಿಂಗಳಲ್ಲೂ ಬೇಡ, ದೀಪಾವಳಿಗೂ ಬೇಡ. ಗೋಡೆ ಒಳಗಿನಿಂದ ಒಣಗುವುದಕ್ಕೆ ಡಿಸೆಂಬರ್ ಬೇಕು. ಜನವರಿ-ಫೆಬ್ರವರಿಯಲ್ಲಿ ಬಳಿದದ್ದು ನಿಲ್ಲುತ್ತದೆ, ದೀಪಾವಳಿಗೆ ಬಳಿದದ್ದು ಸಂಕ್ರಾಂತಿಗೆ ಗುಳ್ಳೆ ಏಳುತ್ತದೆ.

ಒಳಗಿನ ತೇವ ಬೇರೆ ಕಥೆ. ಜುಲೈನಲ್ಲಿ ಮನೆಯೊಳಗಿನ ಆರ್ದ್ರತೆ ತೊಂಬತ್ತರ ಮೇಲೆ ನಿಲ್ಲುತ್ತದೆ. ಚರ್ಮದ ಚಪ್ಪಲಿ, ಬೆಲ್ಟು, ಪುಸ್ತಕದ ಬೆನ್ನು, ಮರದ ಕಪಾಟಿನ ಹಿಂಬದಿ, ಎಲ್ಲದಕ್ಕೂ ವಾರದಲ್ಲಿ ಬೂಷ್ಟು. ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಲ್ಲಿ ಐಷಾರಾಮಿಯ ವಸ್ತುವಲ್ಲ. ದಿನಕ್ಕೆ 20-25 ಲೀಟರ್ ನೀರು ತೆಗೆಯುವಂಥದ್ದು ಒಂದು ಮಲಗುವ ಕೋಣೆ ಮತ್ತು ಅದಕ್ಕೆ ಹೊಂದಿದ ಪಡಸಾಲೆಗೆ ಸಾಕು. ಡಬ್ಬಿಯ ಮೇಲಿನ ಆ ಅಂಕಿ 30 ಡಿಗ್ರಿ ಬಿಸಿ, 80 ಶೇಕಡಾ ತೇವಕ್ಕೆ ಅಳೆದದ್ದು. ಇಲ್ಲಿನ 22-23 ಡಿಗ್ರಿಯಲ್ಲಿ ಅಷ್ಟು ನೀರು ಬರುವುದಿಲ್ಲ, ಯಂತ್ರ ಕೆಟ್ಟಿದೆಯೆಂದು ದೂರು ಕೊಡಬೇಡಿ. ತೇವದ ಸೆಟ್ಟಿಂಗ್ ಶೇಕಡಾ 55ರಿಂದ 60ರ ನಡುವೆ. ಅದಕ್ಕಿಂತ ಕೆಳಗಿಟ್ಟರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. 350 ವ್ಯಾಟಿನ ಯಂತ್ರ ದಿನಕ್ಕೆ ಹನ್ನೆರಡು ತಾಸು ಓಡಿದರೆ ನಾಲ್ಕು ಯೂನಿಟ್ಟಿಗೆ ಸ್ವಲ್ಪ ಮೇಲೆ. ತೊಟ್ಟಿ ತುಂಬಿದಾಗ ತಾನೇ ನಿಲ್ಲುವ ಕಾರಣ ಪೈಪು ಜೋಡಿಸಿ ಬಚ್ಚಲಿಗೆ ಬಿಡುವುದು ಮೇಲು. ಫಿಲ್ಟರು ಹದಿನೈದು ದಿನಕ್ಕೊಮ್ಮೆ ತೊಳೆಯದಿದ್ದರೆ ಒಳಗಿನ ತಣ್ಣನೆಯ ಕೊಳವೆ ಸುರುಳಿಗೆ ಮಂಜು ಕಟ್ಟುತ್ತದೆ.

ತೇವ ಹೀರಲು ಕಪಾಟಿಗೆ ಇಡುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಜುಲೈನಲ್ಲಿ ಎರಡು-ಮೂರು ವಾರಕ್ಕೆ ತುಂಬುತ್ತದೆ. ಆ ನೀರು ಚೆಲ್ಲಿದರೆ ಚರ್ಮ ಹಾಳು, ಕಬ್ಬಿಣಕ್ಕೆ ತುಕ್ಕು. ಹಾಗಾಗಿ ಕೆಳಗಿನ ಹಲಗೆಯಲ್ಲೇ ಇಡಿ, ರೇಷ್ಮೆ ಸೀರೆಗಿಂತ ಮೇಲಿನ ಹಲಗೆಯಲ್ಲಲ್ಲ. ಅಡುಗೆಮನೆಯಲ್ಲಿ ಜೋಳದ ಹಿಟ್ಟು ಮೊದಲು ಸೋಲುತ್ತದೆ. ಒಮ್ಮೆಗೆ ಎರಡು ಕಿಲೋಗಿಂತ ಹೆಚ್ಚು ಬೀಸಿಸಿದರೆ ಕೊನೆಯ ರೊಟ್ಟಿಗಳು ಕಹಿ. ಹಪ್ಪಳ, ಸಂಡಿಗೆ, ಬ್ಯಾಡಗಿ ಮೆಣಸಿನಕಾಯಿ ರಬ್ಬರ್ ಅಂಚಿನ ಸ್ಟೀಲ್ ಡಬ್ಬಿಯಲ್ಲಿದ್ದರೆ ಬದುಕುತ್ತವೆ.

ಗೆದ್ದಲು ಮರೆಯಬಾರದು. ನೆಲ-ಗೋಡೆ ಕೂಡುವಲ್ಲಿ ಒಂದೊಂದು ಅಡಿಗೆ 12 ಮಿ.ಮೀ. ತೂತು ಕೊರೆದು ಔಷಧಿ ತುಂಬುವುದು ಸರಿಯಾದ ಕ್ರಮ. ಔಷಧಿ ಇಮಿಡಾಕ್ಲೋಪ್ರಿಡ್ 30.5 ಶೇಕಡಾದ್ದು ಆದರೆ ಲೀಟರ್ ನೀರಿಗೆ ಸುಮಾರು 2 ಮಿ.ಲೀ. ಬರೀ ಮೇಲಿನಿಂದ ಸಿಂಪಡಿಸಿ ಹೋಗುವವರಿಗೆ ದುಡ್ಡು ಕೊಡಬೇಡಿ.

ಕರೆಂಟು ಜೂನ್ ಮೊದಲ ವಾರದಲ್ಲಿ ಪರೀಕ್ಷೆ ಮಾಡುತ್ತದೆ. ತಂತಿ ಮರಗಳ ನಡುವೆ ಹಾದುಹೋಗಿದೆ, ಕೊಂಬೆ ಬಿದ್ದರೆ ಮೂರು-ನಾಲ್ಕು ತಾಸು ಸಾಮಾನ್ಯ. 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ ಒಂದು ಇದ್ದರೆ 250 ವ್ಯಾಟ್ ಹೊರೆಗೆ ಐದು ತಾಸಿನ ಆಸುಪಾಸು ಬರುತ್ತದೆ. ಅದರಲ್ಲಿ ಫ್ರಿಜ್ ಸೇರಿಸಬೇಡಿ. ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಮುಖ್ಯ ಬೋರ್ಡಿನಲ್ಲಿ ಏಕಾಏಕಿ ಏರುವ ವೋಲ್ಟೇಜ್ ತಡೆಯುವ ಟೈಪ್-2 ಸರ್ಜ್ ರಕ್ಷಕ ಬೇಕೇಬೇಕು, ಆದರೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಬರೀ ಡಬ್ಬಿ. ಕೆಳಗೆ ಕಪ್ಪು ಬಂಡೆಯಿರುವ ಕಾರಣ ಕೆಲಸದವರು ಎರಡು ಅಡಿ ಅಗೆದು ಕೈಬಿಡುತ್ತಾರೆ. ಮೀಟರ್ ಇಟ್ಟು 5 ಓಮ್‌ಗಿಂತ ಕೆಳಗೆ ಬಂದ ಮೇಲೆಯೇ ಹಣ ಕೊಡಿ. ಇಂಟರ್ನೆಟ್ಟಿಗೆ ಫೈಬರ್ ಒಂದೇ ನಂಬಿದರೆ ಆಗುವುದಿಲ್ಲ, ಬೇರೆ ಕಂಪನಿಯ ಸಿಮ್ಮಿನ ರೌಟರ್ ಜೊತೆಗಿರಲಿ.

ನೀರು ಮೆದು, ಲವಣ ಕಮ್ಮಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಅಗ್ಗದ ಟಿಡಿಎಸ್ ಮೀಟರ್ ಅದ್ದಿ ನೋಡಿ, 200ರ ಒಳಗಿದ್ದರೆ ಆರ್‌ಒ ದಂಡ. ಮಳೆಗಾಲದಲ್ಲಿ ಬರುವುದು ಕೆಂಪು ರಾಡಿ ನೀರು, ಅದಕ್ಕೆ ಬೇಕಾದದ್ದು ಟ್ಯಾಂಕಿನ ಮುಂಚೆ 5 ಮೈಕ್ರಾನಿನ ದೊಡ್ಡ ಫಿಲ್ಟರು, ಕುಡಿಯಲು ಕ್ರಿಮಿ ಕೊಲ್ಲುವ ಯುವಿ ದೀಪದ ಶುದ್ಧಕ. ಸೆಪ್ಟಿಕ್ ಟ್ಯಾಂಕ್ ಮೇ ತಿಂಗಳಲ್ಲಿ ಖಾಲಿ ಮಾಡಿಸಿ. ಆಗಸ್ಟಿನಲ್ಲಿ ನೆಲದ ನೀರು ಮೇಲೇರಿ ಇಂಗುಗುಂಡಿ ಹೊರಗಿನಿಂದಲೇ ತುಂಬಿರುತ್ತದೆ, ಆಗ ಫ್ಲಶ್ ಮಾಡಿದ್ದು ಕೆಳಗೆ ಹೋಗುವುದಿಲ್ಲ. ಟ್ಯಾಂಕ್ ತುಂಬಿದೆಯೆಂದು ಅಂದುಕೊಂಡು ಗಾಡಿ ಕರೆಸಿದರೆ ಎರಡೇ ದಿನಕ್ಕೆ ಮತ್ತೆ ಅದೇ.

ಕಾಡಿನ ಪಾಲಿಗೆ ಬಂದರೆ, ಚಿರತೆಗಿಂತ ದಿನಬಳಕೆಯ ತೊಂದರೆ ಮಂಗ. ಉದ್ದ ಬಾಲದ ಮುಸುವ ಎಲೆ ತಿಂದು ಹೋಗುತ್ತದೆ, ಕಿರೀಟ ಕೂದಲಿನ ಮಂಗ ಅಡುಗೆಮನೆಗೇ ಬರುತ್ತದೆ, ಟ್ಯಾಂಕಿನ ಮುಚ್ಚಳ ಎತ್ತುವುದನ್ನೂ ಕಲಿತಿದೆ. ಮುಚ್ಚಳಕ್ಕೆ ಬೀಗ, ಕಿಟಕಿಗೆ ಎರಡು ಇಂಚಿಗಿಂತ ಕಿರಿದಾದ ಜಾಳಿ. ಚಿರತೆ ಬರುವುದು ನಾಯಿ, ಹಂದಿಗಳ ಹಿಂದೆ. ನಾಯಿ, ಹಂದಿ ಬರುವುದು ಕಸದ ಹಿಂದೆ. ವಾರಾಂತ್ಯದ ಬಾಡಿಗೆ ಬಂಗಲೆಗಳ ಬಳಿ ಸೋಮವಾರ ಬೆಳಿಗ್ಗೆ ಬಿದ್ದಿರುವ ಕೋಳಿ ಎಲುಬಿನ ರಾಶಿಯೇ ಆಮಂತ್ರಣ ಪತ್ರಿಕೆ. ಕಂಡರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ, ಬೆನ್ನಟ್ಟಬೇಡಿ.

ಹಾವಿನ ವಿಷಯದಲ್ಲಿ ಕನ್ನಡಿಗರು ಮರಾಠಿ ಹೆಸರು ಕಲಿತಿರುವುದು ಕ್ಷೇಮ, ಆಸ್ಪತ್ರೆಯಲ್ಲಿ ಕೇಳುವುದು ಅದೇ ಹೆಸರಿನಲ್ಲಿ. ಕೊಳಕುಮಂಡಲ ಎಂದರೆ ಘೋಣಸ್, ಕಟ್ಟುಹಾವು ಮಣ್ಯಾರ್, ಗರಗಸ ಮಂಡಲ ಫುರ್ಸೆ. ನಾಗರ ನಾಗವೇ. ಈ ನಾಲ್ಕಕ್ಕೆ ನಮ್ಮ ದೇಶದ ಪ್ರತಿವಿಷ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಬೇಲಿ ಗಿಡದ ಮೇಲೆ ಸುಮ್ಮನೆ ಕೂತಿರುವ ಹಸಿರು ಗುಳಿಮಂಡಲ, ಇಲ್ಲಿಯ ಚಾಪಡಾ, ಅದಕ್ಕೆ ಈ ಮದ್ದು ತಯಾರಾದದ್ದಲ್ಲ. ನೋವು, ಬಾವು ಜೋರು, ಚಿಕಿತ್ಸೆ ಲಕ್ಷಣ ನೋಡಿ. ಬೇಲಿ ಕತ್ತರಿಸುವಾಗ ಕೈಗೆ ದಪ್ಪ ಗ್ಲೌಸ್. ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಕೈಕಾಲು ಅಲ್ಲಾಡಿಸದೆ ಹೊರಡಿ. ಎಲ್ಲಿಗೆ ಎಂಬುದನ್ನು ಮೊದಲೇ ವಿಚಾರಿಸಿಟ್ಟಿರಬೇಕು, ಪ್ರತಿವಿಷ ಸಂಗ್ರಹವಿದೆಯೇ ಎಂದು ಜೂನ್‌ಗೆ ಮುಂಚೆ ಒಮ್ಮೆ ಕೇಳಬೇಕು. ಗಂಭೀರ ಚಿಕಿತ್ಸೆಗೆ 30 ಕಿ.ಮೀ. ದೂರದ ತಳೇಗಾಂವ್ ಅಥವಾ ಪಿಂಪ್ರಿ-ಚಿಂಚ್‌ವಡ್ ಎಂದೇ ಲೆಕ್ಕ ಹಾಕಿ. ಹೃದ್ರೋಗಿಗಳಿರುವ ಮನೆಗೆ ಈ ಒಂದೇ ಕಾರಣಕ್ಕೆ ಬೇಡ ಎನ್ನಬಹುದು.

ನಾಲ್ಕೂವರೆ ಅಂಕ ಬಂದದ್ದು ಎಲ್ಲಿಂದ? ಮೇ ಕೊನೆಯ ವಾರದಿಂದ ಮಳೆ ಹಿಡಿಯುವ ತನಕ ರಾಜಮಾಚಿ ಕಡೆಯ ಮರಗಳಲ್ಲಿ ಮಿಂಚುಹುಳ. ಕಂಪೌಂಡಿನ ಬಿಳಿ ದೀಪ ಆರಿಸಿದರೆ ಮನೆಯ ಅಂಗಳದಲ್ಲೂ. ಜನವರಿಯ ಬೆಳಿಗ್ಗೆ ಸ್ವೆಟರ್ ಚಳಿ, ಏಪ್ರಿಲ್ ರಾತ್ರಿ ಬರೀ ಫ್ಯಾನು.

ಪೇಟೆ ಐದು ದಿನ ನಿಮ್ಮದು, ಎರಡು ದಿನ ಮುಂಬೈ-ಪುಣೆಯವರದು. ಮಳೆಗಾಲದ ಶನಿವಾರ ಬೆಳಿಗ್ಗೆ ಒಂಬತ್ತರಿಂದ ಭಾನುವಾರ ರಾತ್ರಿ ತನಕ ಕಾರು ಹೊರತೆಗೆಯಬಾರದು. ತರಕಾರಿ, ಔಷಧಿ, ಸಿಲಿಂಡರ್ ಎಲ್ಲ ಶುಕ್ರವಾರವೇ. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದ ಮೇಲೆ ಮಳೆಗಾಲದ ನಿರ್ಬಂಧ ಬಿಗಿಯಾಗಿದೆ. ಇಲ್ಲಿಯ ನಿವಾಸಿಯೆಂದು ಬ್ಯಾರಿಕೇಡಿನಲ್ಲಿ ತೋರಿಸಲು ಲೈಟ್ ಬಿಲ್ಲಿನ ಒಂದು ನಕಲು ಕಾರಿನಲ್ಲಿರಲಿ. ಎಕ್ಸ್‌ಪ್ರೆಸ್‌ವೇ ಟೋಲು 2023ರ ಏಪ್ರಿಲ್‌ನಲ್ಲಿ ಕಾರಿಗೆ ಪೂರ್ತಿ ದೂರಕ್ಕೆ 270ರಿಂದ 320 ರೂಪಾಯಿ ಆಯಿತು. ವಾರಕ್ಕೆ ಮೂರು ದಿನ ಆಫೀಸಿದ್ದವರಿಗೆ ಲೋಕಲ್ ಪಾಸೇ ಸರಿ, ಮಧ್ಯಾಹ್ನದ ಹೊತ್ತು ಮಾತ್ರ ಗಾಡಿ ವಿರಳ. ಕಾರು ನಿಲ್ಲಿಸುವಾಗ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ನಾಲ್ಕೇ ದಿನಕ್ಕೆ ಡ್ರಮ್ಮಿಗೆ ಅಂಟುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಕೊಳ್ಳಲಿ, ಬಾಡಿಗೆಗೆ ಹಿಡಿಯಲಿ, ಮನೆ ನೋಡಲು ಹೋಗುವುದು ಜುಲೈ ಎರಡನೇ ವಾರದಲ್ಲಿ. ಏಜೆಂಟ್ ಬಾಲ್ಕನಿಗೆ ಕರೆಯುತ್ತಾನೆ, ಹೋಗಬೇಡಿ. ಪಶ್ಚಿಮದ ಕೋಣೆಯ ಕಪಾಟಿನ ಬಾಗಿಲು ತೆಗೆದು ಮೂಸಿ, ಹಿಂಬದಿಯ ಹಲಗೆಯನ್ನು ಉಗುರಿನಿಂದ ಒತ್ತಿ. ಉಗುರು ಇಳಿದರೆ ಅಲ್ಲಿಂದಲೇ ಸ್ಟೇಷನ್ನಿಗೆ ರಿಕ್ಷಾ ಹಿಡಿಯಿರಿ.