ಅಗ್ಗದ ಎಂ.ಬಿ.ಎ. ಮತ್ತು ಮಾನ್ಯತೆಯ ಪ್ರಶ್ನೆ: ಹಾಸನದ ಒಂದು ಪ್ರವೇಶ ಮಾರ್ಗದರ್ಶನ ಕೇಂದ್ರ

ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ತಂಗಿಗೆ ಆನ್‌ಲೈನ್ ಎಂ.ಬಿ.ಎ. ಮಾಡಿಸಬೇಕೆಂದು ಹಾಸನದ ಬಿ.ಎಂ. ರಸ್ತೆಯ ಪ್ರವೇಶ ಮಾರ್ಗದರ್ಶನ ಕೇಂದ್ರವೊಂದಕ್ಕೆ ಹೋಗಿದ್ದೆವು. ಅಲ್ಲಿನವರು ಸೌಜನ್ಯವಂತರು; ಕಾಫಿಯನ್ನೂ ತರಿಸಿದರು. ಎರಡು ವರ್ಷಕ್ಕೆ ಒಟ್ಟು 48,000 ರೂಪಾಯಿ ಎಂದು ಬಿಳಿ ಹಾಳೆಯ ಮೇಲೆ ಬರೆದು, ಅದರ ಸುತ್ತ ಕೆಂಪು ಶಾಯಿಯಲ್ಲಿ ಎರಡು ಸುತ್ತು ಎಳೆದರು. ಆದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯು.ಜಿ.ಸಿ.) ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಈ ವರ್ಷದ ಪ್ರವೇಶಕ್ಕೆ ಅವರು ಸೂಚಿಸಿದ ವಿಶ್ವವಿದ್ಯಾಲಯದ ಹೆಸರಿದೆಯೇ ಎಂದು ಕೇಳಿದಾಗ, ಅವರು ತೋರಿಸಿದ್ದು ನ್ಯಾಕ್ ಪ್ರಮಾಣಪತ್ರದ ಹಳೆಯ ಜೆರಾಕ್ಸ್ ಪ್ರತಿಯನ್ನು.

ಇವೆರಡೂ ಬೇರೆ ಬೇರೆ. ನ್ಯಾಕ್ ಎಂಬ ಮೌಲ್ಯಮಾಪನ ಮಂಡಳಿ ವಿದ್ಯಾಸಂಸ್ಥೆಯೊಂದರ ಒಟ್ಟಾರೆ ಗುಣಮಟ್ಟವನ್ನು ಅಳೆಯುತ್ತದೆ. ಯಾವ ಕೋರ್ಸನ್ನು ಯಾವ ವರ್ಷ ಆನ್‌ಲೈನ್‌ನಲ್ಲಿ ನಡೆಸಬಹುದೆಂಬುದು ಬ್ಯೂರೋದ ಪಟ್ಟಿಯಿಂದಷ್ಟೇ ತಿಳಿಯುತ್ತದೆ. ಹೀಗೆ ಮನ್ನಣೆ ಪಡೆದ ಸಂಸ್ಥೆಗಳ ಆನ್‌ಲೈನ್ ಪದವಿ, ತರಗತಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ಯು.ಜಿ.ಸಿ.ಯ 2020ರ ನಿಯಮಾವಳಿ ಫ್ರಾಂಚೈಸಿ ವ್ಯವಸ್ಥೆಯನ್ನು, ಅಂದರೆ ಹೊರಗಿನ ಕೇಂದ್ರಗಳ ಮೂಲಕ ಕೋರ್ಸು ನಡೆಸುವುದನ್ನು, ನಿಷೇಧಿಸಿರುವಾಗ, ಶುಲ್ಕವನ್ನು ಕೇಂದ್ರದ ಖಾತೆಗೇ ಕಟ್ಟಿ ಎಂಬ ಸಲಹೆಯೂ ನಮಗೆ ಸರಿಬರಲಿಲ್ಲ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯವೇ ಕೆಲ ವರ್ಷ ಮಾನ್ಯತೆ ಕಳೆದುಕೊಂಡು 2018ರಲ್ಲಿ ಮರಳಿ ಪಡೆದದ್ದು ನಮ್ಮ ಕಡೆಯವರಿಗೆ ಇನ್ನೂ ನೆನಪಿದೆ.

ತಂಗಿ ಕೊನೆಗೆ ಪಟ್ಟಿಯಲ್ಲಿದ್ದ, ಇದಕ್ಕಿಂತ 30,000 ರೂಪಾಯಿ ದುಬಾರಿಯಾದ ಕೋರ್ಸಿಗೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ತಾನೇ ಅರ್ಜಿ ಹಾಕಿದಳು. ಅದಕ್ಕೆ ಹಿಡಿದದ್ದು ಒಂದು ಸಂಜೆ ಮಾತ್ರ. ಕೇಂದ್ರಕ್ಕೆ ಐದರಲ್ಲಿ ಎರಡು ಅಂಕ, ಅದರಲ್ಲೂ ಒಂದು ಅವರ ಕಾಫಿಗೆ.